ಕಾಮತ ಮಾಸ್ತರರು ಬಿಟ್ಟುಹೋದ ಅಳಿಯ

ಉಪಚಾರ ಮಾಡುವುದರಲ್ಲಿ ಧಾರವಾಡದವರನ್ನು ಮೀರಿಸುವವರಿಲ್ಲ ಎಂದು ಧಾರವಾಡದವರೇ ಹೇಳುತ್ತಾರೆ. ನಾನೂ ಧಾರವಾಡದವನೇ, ಹಲವು ಸಲ ಹೇಳಿದ್ದೇನೆ. ಉಣ್ಣಲು ಕೂತ ಅತಿಥಿ ‘ಸಾಕು’ ಎಂದರೆ ನಾವು ಅದನ್ನು ಸಂಕೋಚವೆಂದು ತಿಳಿಯುತ್ತೇವೆ. ‘ಖರೇನ ಸಾಕ್ರೀ’ ಎಂದು ಎರಡೂ ಕೈ ಎಲೆಗೆ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಬಿಡುತ್ತೇವೆ. ಮುಂಬಯಿಯ ನಮ್ಮ ಮನೆಯಲ್ಲಿ ಹೀಗೆ ಉಂಡು ಹೊರಟ ನನ್ನ ಸೋದರಮಾವನೊಬ್ಬ ದಾದರ್ ಸ್ಟೇಶನ್ನಿನ ಮೆಟ್ಟಿಲು ಹತ್ತಲಾರದೆ ಮರಳಿ ಬಂದು, ನಮ್ಮಲ್ಲೇ ಮೂರು ದಿನ ಗಂಜಿ ಕುಡಿದುಕೊಂಡು ಮಲಗಿದ್ದ. ಆ ಮೂರು ದಿನವೂ ಅವನಿಗೆ ಒಳ್ಳೆಯ ಉಪಚಾರ ನಡೆಯಿತು. ಆಮೇಲೆ ಅವನು ಮುಂಬಯಿಗೆ ಬಂದದ್ದೇ ಇಲ್ಲ. ಹವಾ ಒಗ್ಗಲಿಲ್ಲವೆಂದು ನಾನು ಭಾವಿಸಿದ್ದೆ.

ಆಗ, ಅಂದರೆ ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ನಾವು ದಾದರಿನ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿದ್ದೆವು. ಗೋಡೆಯಾಚೆ ಕಾಮತ ಮಾಸ್ತರರು. ಮಂಗಳೂರಿನವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಇನ್ನೂ ಮದುವೆಯಾಗದವರು. ಒಂದು ಮೇ ತಿಂಗಳ ಬೆಳಿಗ್ಗೆ ಅವರು ಗಾಜಿನ ತೊಟ್ಟಿಯೊಂದನ್ನು ಎದೆಗೆ ಅವಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಒಳಗೆ ಗೇಣುದ್ದದ ಒಂದು ಬಿಳಿ ಪ್ರಾಣಿ. ಮೀನು ಎನ್ನೋಣವೆಂದರೆ ನಾಲ್ಕು ಕಾಲು. ಹಲ್ಲಿ ಎನ್ನೋಣವೆಂದರೆ ನೀರಿನಲ್ಲಿ ವಾಸ. ಕುತ್ತಿಗೆಯ ಎರಡೂ ಬದಿಗೆ ಕೆಂಪು ಪುಕ್ಕದಂತಹ ಕಿವಿರುಗಳು. ಮುಖದಲ್ಲಿ ಕಾಯಂ ಮುಗುಳ್ನಗೆ.

“ಇದಕ್ಕೆ ಆಕ್ಸೊಲಾಟ್ಲ್ ಅಂತಾರೆ. ಮೆಕ್ಸಿಕೋ ದೇಶದ್ದು. ಕಾಲೇಜಿಗೆ ರಜೆ, ಲ್ಯಾಬಿಗೆ ಬೀಗ. ನಾನು ತಂಗಿಯ ಮದುವೆಗೆ ಊರಿಗೆ ಹೋಗಬೇಕು, ಬರುವುದು ಒಂದು ತಿಂಗಳಾಗ್ತದೆ. ನಾಲ್ಕರಲ್ಲಿ ಇದೊಂದೇ ಉಳಿದದ್ದು ಮಾರಾಯ್ರೆ. ಇದೂ ಹೋದರೆ ಹುಡುಗರಿಗೆ ತೋರಿಸಲಿಕ್ಕೆ ನನ್ನ ಹತ್ರ ಚಿತ್ರ ಮಾತ್ರ. ಈ ಚಾಳಿನಲ್ಲಿ ನಿಮ್ಮನ್ನು ಬಿಟ್ಟು ಯಾರನ್ನು ನಂಬಲಿ?” ಎಂದರು. ದಿನ ಬಿಟ್ಟು ದಿನ ಒಂದು ಎರೆಹುಳ, ಬಿಸಿಲು ತಾಗದ ಜಾಗ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲು. “ಅಷ್ಟೇ, ಹೆಚ್ಚೇನೂ ಮಾಡಬೇಡಿ” ಎಂದೂ ಹೇಳಿದರು. ಕೊನೆಯ ಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನನ್ನ ತಲೆಯಲ್ಲಿ ಭದ್ರವಾಗಿ ಕೂತಿತು.

ನಾಲಿಗೆಗೆ ಗಂಟು ಬೀಳುವ ಆ ಹೆಸರನ್ನು ನನ್ನ ಹೆಂಡತಿ ಶಾಂತಾ ಒಂದು ದಿನವೂ ಇಟ್ಟುಕೊಳ್ಳಲಿಲ್ಲ. “ಬ್ಯಾಸಗಿಗೆ ಬಂದಾನ. ಕೆಲಸಿಲ್ಲ ಬೊಗಸಿಲ್ಲ. ಕೂತಲ್ಲೇ ತಿಂತಾನ, ಮಾತಾಡಿಸಿದ್ರ ಸುಮ್ನ ನಗತಾನ. ಅಳಿಯಾನ ಇಂವ” ಎಂದಳು. ಅಂದಿನಿಂದ ಅದು ಅಳಿಯ. ಹುಳ ಹಾಕುವಾಗ ಮಾತ್ರ ಅವಳು ಅಡಿಗೆಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಯೂ ವಾರ ನೋಡಿ ಒಳಗೆ ಬರುವಂಥದ್ದು.

ಅಳಿಯ ಎಂದಮೇಲೆ ವಾರಕ್ಕೊಮ್ಮೆ ಸ್ವಲ್ಪ ನೀರು ಎಂದರೆ ಹೇಗೆ? ಊರಲ್ಲಿ ಆಡಿಕೊಳ್ಳುವುದಿಲ್ಲವೇ? ಚಾಳಿನಲ್ಲಿ ನಳ ಬರುತ್ತಿದ್ದುದು ಬೆಳಗಿನ ಒಂದೇ ತಾಸು. ಆ ನೀರನ್ನು ಶಾಂತಾ ತನ್ನ ತವರಿನಿಂದ ಬಂದ ತಾಮ್ರದ ಹಂಡೆಯಲ್ಲಿ ತುಂಬಿಡುತ್ತಿದ್ದಳು. ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದ, ಮುಖ ನೋಡಿಕೊಂಡು ಗಡ್ಡ ಬೋಳಿಸಬಹುದಾದ ಹಂಡೆ. ದೇವರ ಪೂಜೆಗೆ ಅದೇ ನೀರು, ಬಂದವರಿಗೆ ಕುಡಿಯಲು ಅದೇ ನೀರು. ಅಂಥ ನೀರನ್ನೇ ನಾನು ದಿನಾ ಅರ್ಧ ತೊಟ್ಟಿ ಬದಲಿಸುತ್ತ ಬಂದೆ.

ಎಂಟನೆಯ ದಿನ ಅಳಿಯ ಹುಳ ಕಂಡು ಮುಖ ತಿರುಗಿಸಿದ. ಮರುದಿನ ಪುಕ್ಕಗಳ ಕೆಂಪು ಇಳಿಯಿತು, ಬಾಲದ ತುದಿ ಸುರುಳಿ ಸುತ್ತಿಕೊಂಡಿತು. ಮುಗುಳ್ನಗೆಯೇನೋ ಹಾಗೇ ಇತ್ತು, ಆದರೆ ಅದನ್ನು ನೋಡಿದರೆ ಇನ್ನಷ್ಟು ಸಂಕಟವಾಗುತ್ತಿತ್ತು. ಆ ಸಂಕಟದಲ್ಲಿ ಮಾಸ್ತರರಿಗೆ ಏನು ಹೇಳಲಿ ಎಂಬ ಭಯ ಅರ್ಧ. ಇನ್ನರ್ಧ ನಿಜವಾದ ಪ್ರೀತಿ. ಆಫೀಸಿನಿಂದ ಬಂದ ಕೂಡಲೇ ಗಾಜಿನ ಹತ್ತಿರ ತೇಲಿ ಬಂದು ನನ್ನನ್ನು ನೋಡುತ್ತಿದ್ದ ಜೀವ ಆ ಮನೆಯಲ್ಲಿ ಅದೊಂದೇ.

ಕೆಳಗಿನ ಮಾಳಿಗೆಯ ಶೆಟ್ಟರು ಬಂದು ನೋಡಿದರು. ಅವರು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. “ಎಂತದು ಮಾರಾಯ್ರೆ, ತಂಪು ನೀರಿನ ಪ್ರಾಣಿ ಇದು. ಬೊಂಬಾಯಿಯ ಈ ಸೆಕೆ ನಮಗೇ ಆಗೂದಿಲ್ಲ. ಐಸ್ ಹಾಕಿ, ನಾನು ಕೊಡ್ತೇನೆ” ಎಂದರು. ಅವರ ಹೋಟೆಲಿನಿಂದ ಐಸನ್ನು ಗೋಣಿತಟ್ಟಿನಲ್ಲಿ ಸುತ್ತಿ ಸಂಜೆಯ ಲೋಕಲ್ ಹತ್ತಿದೆ. ಮಹಾಲಕ್ಷ್ಮಿ ದಾಟುವಷ್ಟರಲ್ಲಿ ಪಕ್ಕದವರೊಬ್ಬರು ನೀರು ಸೋರಿ ತೊಯ್ದ ತಮ್ಮ ಬೂಟು ನೋಡಿ “ಅಹೋ, ಪಾಣೀ ಗಳತಂಯ!” ಎಂದು ಕೂಗಿದರು. ದಾದರ್ ಮುಟ್ಟಿದಾಗ ಐಸ್ ಲಿಂಬೆಹಣ್ಣಿನಷ್ಟಿತ್ತು, ನನ್ನ ಧೋತರ ಮಾತ್ರ ಚೆನ್ನಾಗಿ ತಂಪಾಗಿತ್ತು.

ಐಸ್ ನಾಟಲಿಲ್ಲ. ತೊಟ್ಟಿಯನ್ನು ಕಿಟಕಿಯಿಂದ ಮೂಲೆಗೆ, ಮೂಲೆಯಿಂದ ಮಂಚದ ಕೆಳಗೆ ಸಾಗಿಸಿದೆ. ನೀರೇ ಕೆಟ್ಟಿರಬೇಕೆಂದು ಎರಡು ಹೊತ್ತೂ ಪೂರ್ತಿ ಚೆಲ್ಲಿ ಹಂಡೆಯ ನೀರು ತುಂಬತೊಡಗಿದೆ. ಶಾಂತಾ, “ಚಾಳಿನವರೆಲ್ಲಾ ಬಂದು ಬಂದು ನೋಡ್ಯಾರ, ದೃಷ್ಟಿ ಆಗೇದ” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಡೀ ಮಾಳಿಗೆ ಕೆಮ್ಮಿತು. ನೀರಿನೊಳಗಿದ್ದುದರಿಂದ ಅಳಿಯನೊಬ್ಬ ಮಾತ್ರ ಕೆಮ್ಮಲಿಲ್ಲ.

ಅಷ್ಟರಲ್ಲಿ ಆಫೀಸಿನವರು ಎಂಟು ದಿನ ಪುಣೆಯ ಶಾಖೆಗೆ ಹೋಗಿ ಬಾ ಎಂದರು. ನನಗೆ ಅಳುವೇ ಬಂತು. ಎರಡು ಹೊತ್ತು ನೀರು ಬದಲಿಸುವುದರಿಂದ ಹಿಡಿದು ಅಳಿಯನ ಜೊತೆ ಮಾತಾಡುವುದರ ತನಕ ನಾಲ್ಕು ಪುಟ ಸೂಚನೆ ಬರೆದು ಗೋಡೆಗೆ ಅಂಟಿಸಿದೆ. ಹುಳ ಹಾಕುವ ಕೆಲಸವನ್ನು ಶೆಟ್ಟರು ಒಪ್ಪಿಕೊಂಡರು. ಹೊರಡುವಾಗ ಗಾಜಿಗೆ ಬೆರಳು ಇಟ್ಟೆ, ಅಳಿಯ ಅಲುಗಲಿಲ್ಲ. ಪುಣೆಯಲ್ಲಿ ಎಂಟೂ ದಿನ ನಾನು ಮಾಸ್ತರರಿಗೆ ಹೇಳಬೇಕಾದ ಮಾತನ್ನು ಹೆಣೆದೆ. ‘ಕೊನೆಯವರೆಗೂ ನಗುತ್ತಲೇ ಇತ್ತು’ ಎಂಬುದು ಬಹಳ ಹಿಡಿಸಿ ಅದನ್ನೇ ಗಟ್ಟಿಮಾಡಿಕೊಂಡೆ.

ಶನಿವಾರ ಸಂಜೆ ಅಳುಕುತ್ತ ಬಾಗಿಲು ತೆರೆದರೆ ಅಳಿಯ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಈಜುತ್ತಿದ್ದ! ಪುಕ್ಕಗಳು ಕುಂಕುಮದಷ್ಟು ಕೆಂಪಾಗಿದ್ದವು. ಹುಳ ತೋರಿಸಿದೆ, ಗಬಕ್ಕನೆ ನುಂಗಿದ. ನಾನು ಕುಣಿಯುವುದೊಂದು ಬಾಕಿ. “ನಾ ಬರದದ್ದು ಎಲ್ಲಾ ಮಾಡಿದ್ಯಾ?” ಎಂದು ಶಾಂತಾಳನ್ನು ಕೇಳಿದೆ. “ಹೂಂ, ಹೂಂ” ಎನ್ನುತ್ತ ಅವಳು ರೊಟ್ಟಿ ಬಡಿಯಲು ಹೋದಳು. ಅಷ್ಟು ಸಾಕಾಯಿತು. ಭಾನುವಾರವಿಡೀ ಮೂರೂ ಮಾಳಿಗೆ ತಿರುಗಿ ನನ್ನ ಚಿಕಿತ್ಸಾಪದ್ಧತಿಯನ್ನು ವಿವರಿಸಿದೆ. ಮೇಲಿನ ಮಾಳಿಗೆಯವರು ಹೊಟ್ಟೆ ಕೆಟ್ಟ ಗಿಣಿಯೊಂದನ್ನು ತಂದು ತೋರಿಸಿದರು. ಅದಕ್ಕೂ ಸಲಹೆ ಕೊಟ್ಟೆ.

ಸೋಮವಾರ ಬೆಳಿಗ್ಗೆ ಮಾಸ್ತರರು ಬಂದರು. ಅಳಿಯನನ್ನು ನೋಡಿ ಅವರ ಕಣ್ಣಲ್ಲಿ ನೀರೇ ಬಂತು. ನಾನು ಕಾಯಿಲೆಯ ಕತೆಯನ್ನು ಮೊದಲಿನಿಂದ ಬಿಚ್ಚಿದೆ. “ನೀರು ಯಾವುದು ಹಾಕಿದಿರಿ?” ಎಂದರು. ಎದೆಯುಬ್ಬಿಸಿ, “ತಾಮ್ರದ ಹಂಡೇದು ರೀ. ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕಿದ್ದು. ಎರಡ ಹೊತ್ತು” ಎಂದೆ.

ಮಾಸ್ತರರು ಮಂಚದ ಮೇಲೆ ಕೂತುಬಿಟ್ಟರು. “ಅಯ್ಯೋ ದೇವರೇ! ನೀರಿನ ಪ್ರಾಣಿಗೆ ತಾಮ್ರ ಅಂದರೆ ವಿಷ ಮಾರಾಯ್ರೆ! ಮತ್ತೆ ಇದು ಬದುಕಿದ್ದು ಹೇಗೆ?”

ಅಡಿಗೆಮನೆಯ ಬಾಗಿಲಿನಿಂದ ಶಾಂತಾ ಉತ್ತರ ಕೊಟ್ಟಳು. “ಇವರು ಪುಣೇಕ ಹೋದ ದಿನಾನ ಹಂಡೆ ಸೋರಾಕ ಹತ್ತಿತ್ರೀ. ಬೆಸಗಿ ಹಾಕಸಾಕ ತಾಂಬಟಗಾರನ ಕಡೆ ಕೊಟ್ಟೀನಿ, ಇನ್ನೂ ಬಂದಿಲ್ಲ. ನೀರು ಮಣ್ಣಿನ ಕೊಡದಾಗ ತುಂಬಿಟ್ಟಿದ್ದೆ. ಮೊದಲನೇ ದಿನ ಹಳೇ ನೀರು ಚೆಲ್ಲಿ ಅದನ್ನ ಹಾಕಿದೆ. ಆಮ್ಯಾಲ ನಾ ಏನೂ ಮಾಡಲಿಲ್ರೀ, ಪುರಸೊತ್ತೆಲ್ಲಿತ್ತು?”

“ಮತ್ತ ನನ್ನ ನಾಲ್ಕು ಪುಟ?”

“ಗೋಡೀ ಮ್ಯಾಲೇ ಅದಾವಲ್ರೀ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ಮೂಕಪ್ರಾಣಿ ಸೊರಗಿದಷ್ಟೂ ನಾನು ಅದಕ್ಕೆ ಹೆಚ್ಚು ಹೆಚ್ಚು ವಿಷ ಎರೆದಿದ್ದೆ, ಅದೂ ಕೈಯಾರೆ, ಅಕ್ಕರೆಯಿಂದ. ಅದು ಪಾಪ ಬೇಡವೆನ್ನಲು ಕೈ ಅಡ್ಡ ಹಿಡಿಯುವುದನ್ನೂ ಅರಿಯದು.

ಮಾಸ್ತರರು ಒಳ್ಳೆಯ ಮನುಷ್ಯರು, ಒಂದು ಕೆಟ್ಟ ಮಾತೂ ಆಡಲಿಲ್ಲ. ತೊಟ್ಟಿಯನ್ನು ಎತ್ತಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತರು. ನನ್ನ ಕಡೆಗಲ್ಲ, ಶಾಂತಾಳ ಕಡೆಗೆ. “ಬಾಯೀ, ಮುಂದಿನ ವರ್ಷವೂ ಇದನ್ನು ನಿಮ್ಮಲ್ಲೇ ಬಿಡ್ತೇನೆ. ಆದರೆ ಆ ಒಂದು ತಿಂಗಳು ಇವರನ್ನು ಪುಣೆಗೆ ಕಳಿಸಲಿಕ್ಕೆ ಆಗ್ತದಾ ಅಂತ ಆಫೀಸಿನಲ್ಲಿ ಸ್ವಲ್ಪ ವಿಚಾರಿಸಬೇಕು.”

ಇದನ್ನು ನಾನು ತಮಾಷೆಯೆಂದು ತಿಳಿದು ನಕ್ಕೆ. ಅಂದು ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಶಾಂತಾ ಕೇಳಿದಳು, “ವಿಚಾರಿಸಿದ್ರೇನು?”