ಎರಡನೇ ಪುಟ

ಅಷ್ಟೂ ಅವಾಂತರಕ್ಕೆ ಮೂಲ ಒಂದು ಅರ್ಜಿಯ ಎರಡನೇ ಪುಟ.

ಸಾಲ್ವು ಮಿಫ್ಸೂದ್ ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ ಇಪ್ಪತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದವನು. ಮುಂದಿನ ತಿರುವಿನಲ್ಲಿ ಏನಿದೆಯೆಂದು ತಿಳಿಯದೆ ಸ್ಟೀರಿಂಗ್ ತಿರುಗಿಸುವ ಜಾಯಮಾನ ಅವನದಲ್ಲ. ಹಾಗಾಗಿ ಮಗ ರೇಫ್‌ನನ್ನು ಗುಡ್ಡದ ಶಾಲೆಯ ಜಾಣರ ಕ್ಲಾಸಿಗೆ ಸೇರಿಸಲು ಕಂಪ್ಯೂಟರಿನಲ್ಲಿ ಅರ್ಜಿ ತೆರೆದಾಗ, ಎರಡನೇ ಪುಟದಲ್ಲಿ ಏನು ಕೇಳುತ್ತಾರೋ ನೋಡಿಕೊಂಡೇ ತುಂಬೋಣ ಎಂದುಕೊಂಡ. ಮೊದಲ ಪುಟ ತುಂಬದೆ ಎರಡನೆಯದು ತೆರೆಯಲಿಲ್ಲ. ಸರಿ ಬಿಡು ಎಂದು ಅಲ್ಲೇ ಒಂದು ಮಗುವನ್ನು ಹುಟ್ಟಿಸಿದ. ಹೆಸರು ಮೆಲಿತಾ ಮಿಫ್ಸೂದ್, ಹೆಣ್ಣು, ಹುಟ್ಟಿದ ದಿನ ರೇಫ್‌ನದೇ.

ಆ ಹೆಸರು ಬೆರಳಿಗೆ ತಾನಾಗಿ ಬಂದದ್ದಲ್ಲ. ಹೆಣ್ಣಾದರೆ ಇಡಬೇಕೆಂದು ಅವನೂ ಹೆಂಡತಿ ಡೋರಿಸಳೂ ಹತ್ತು ವರ್ಷದ ಹಿಂದೆ ಆರಿಸಿಟ್ಟಿದ್ದರು. ಹುಟ್ಟಿದ್ದು ರೇಫ್. ಆಮೇಲೆ ಇನ್ನೊಂದು ಆಗಲಿಲ್ಲ. ಹೆಸರು ಹಾಗೇ ಉಳಿದಿತ್ತು.

ನೋಡಿದರೆ ಎರಡನೇ ಪುಟದಲ್ಲಿದ್ದದ್ದು ತಂದೆತಾಯಿ ಟಿಕ್ ಹಾಕುವ ಒಂದು ಚೌಕ, ಅಷ್ಟೇ. ಅದನ್ನು ಖಾಲಿ ಬಿಟ್ಟು ಮುಚ್ಚಿ, ರೇಫ್‌ಗೆ ಬೇರೆ ಅರ್ಜಿ ತುಂಬಿ, ಮೆಲಿತಾಳನ್ನು ಮರೆತುಬಿಟ್ಟ.

ಮೇ ತಿಂಗಳಲ್ಲಿ ಪ್ರವೇಶ ಪರೀಕ್ಷೆಯಾಯಿತು, ಆಗಸ್ಟಿನಲ್ಲಿ ಫಲಿತಾಂಶ ಬಂತು. ರೇಫ್‌ಗೆ ಸ್ಥಾನ ಸಿಗಲಿಲ್ಲ. ಬಸ್ಸಿನ ವೇಳಾಪಟ್ಟಿಯಲ್ಲಿ ತಪ್ಪು ಹುಡುಕಿ ಡಿಪೋಗೆ ಕಾಗದ ಬರೆಯುವ ಒಂಬತ್ತು ವರ್ಷದ ಹುಡುಗ ಅವನು. ಅವತ್ತು ಬಚ್ಚಲುಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತ. ನಲ್ಲಿಯ ಸದ್ದಿನೊಳಗೂ ಸಾಲ್ವುವಿಗೆ ಅದು ಕೇಳಿಸಿತು. ಎರಡು ವಾರವಾದರೂ ಕಿವಿಯಿಂದ ಹೋಗಿರಲಿಲ್ಲ.

ಈ ದಿನ ಅವನಿಗೆ ರಜೆ. ಮಧ್ಯಾಹ್ನ ಕಾಫಿ ಹಿಡಿದು ಹಿತ್ತಲಿಗೆ ಬಂದವನ ಫೋನಿಗೆ ಸಂದೇಶ ಬಂತು. ‘ಮೆಲಿತಾಗೆ ಜಾಣರ ಕ್ಲಾಸಿನಲ್ಲಿ ಸ್ಥಾನ ಸಿಕ್ಕಿದೆ. ಒಪ್ಪಿಗೆ ತಿಳಿಸಲು ಇಂದು ಸಂಜೆ ಐದು ಗಂಟೆ ಕೊನೆ.’

ಮೂರು ಸಲ ಓದಿದ. ಅರ್ಜಿ ತಾನು ಹಾಕಿದ್ದು, ಒಪ್ಪೋಣ. ಪರೀಕ್ಷೆ ಬರೆದವರು ಯಾರು?

“ಏನೋ ಸಾಲ್ವು, ದೆವ್ವ ಕಂಡವನ ಹಾಗೆ ನಿಂತಿದೀಯ?” ಬೇಲಿಯ ಆಚೆಯಿಂದ ಕಾರ್ಮೆನಾ ಆಂಟಿ ಬಟಾಣಿ ತುಂಬಿದ ಪಸ್ತಿಜ್ಜಿ ಕಡುಬಿನ ತಟ್ಟೆ ಚಾಚಿದಳು. ಎಂಬತ್ತೊಂದು ವರ್ಷದ ಆ ಮುದುಕಿಗೆ ಗೊತ್ತಿಲ್ಲದ ಸುದ್ದಿ ಆ ಬೀದಿಯಲ್ಲಿ ಹುಟ್ಟುತ್ತಿರಲಿಲ್ಲ.

“ಆಂಟಿ, ಮೆಲಿತಾ ಅಂತ ಯಾರಾದ್ರೂ ಗೊತ್ತಾ ನಿಮಗೆ? ಜಾಣರ ಕ್ಲಾಸಲ್ಲಿ ಸ್ಥಾನ ಸಿಕ್ಕಿದೆಯಂತೆ.”

“ಗೊತ್ತಿಲ್ದೆ ಏನು? ಸಾಯಂಕಾಲ ನಿಮ್ಮ ಹಿಂದಿನ ಮೆಟ್ಲ ಮೇಲೆ ಕೂತಿರುತ್ತಲ್ಲ, ಹಳದಿ ಸ್ವೆಟರು, ಒಂದೇ ಜಡೆ. ಡೋರಿಸ್ ಕಡೆ ಮಗು ಅಂದ್ಕೊಂಡಿದ್ದೆ.”

ಸಾಲ್ವುವಿನ ಬಾಯಲ್ಲಿದ್ದ ಪಸ್ತಿಜ್ಜಿ ಅಲ್ಲೇ ನಿಂತಿತು. “ಹೆಸರು ಯಾರು ಹೇಳಿದ್ರು?”

“ನಾನೇ ಕೇಳ್ದೆ, ಹೇಳ್ತು. ಯಾವ ಕ್ಲಾಸಮ್ಮ ಅಂದೆ. ಇನ್ನೂ ಸೇರಿಸಿಲ್ಲ ಅಂತು. ಅಷ್ಟು ದೊಡ್ಡ ಮಗೂನ ಸ್ಕೂಲಿಗೆ ಹಾಕ್ದೆ ಮನೇಲಿಟ್ಕೊಂಡಿದೀರಲ್ಲ, ನಾಚಿಕೆ ಆಗಲ್ವೇನೋ ನಿಮಗೆ?”

ಕಳೆದ ತಿಂಗಳು ಇದೇ ಆಂಟಿ ಅಂಚೆಪೆಟ್ಟಿಗೆಯನ್ನು ಪಾದ್ರಿಯೆಂದು ತಿಳಿದು ಕೈಮುಗಿದಿದ್ದಳು. ಅದನ್ನು ನೆನೆದು ಸಾಲ್ವು ಸಮಾಧಾನ ತಂದುಕೊಂಡ. ಮೆಲಿತಾ ಯಾರಾದರಾಗಲಿ, ಸ್ಥಾನ ಮಿಫ್ಸೂದ್ ಮನೆತನಕ್ಕೆ ಬಂದಿದೆ. ಹೆಸರು ತಪ್ಪಾಗಿದೆ ಎಂದು ಹೇಳಿ ರೇಫ್‌ಗೆ ಮಾಡಿಸಿಕೊಂಡರಾಯಿತು. ಕೋಟು ಏರಿಸಿಕೊಂಡು ಗುಡ್ಡದ ಶಾಲೆಗೆ ಹೊರಟ.

ಅಲ್ಲಿನ ಆಫೀಸಿನಲ್ಲಿ ಮಿಸೆಸ್ ಟ್ರಿಪ್ ಎಂಬ ಹೆಂಗಸು ಕಂಪ್ಯೂಟರಿನ ಹಿಂದೆ ಮುಖ ಮಾತ್ರ ಕಾಣುವ ಹಾಗೆ ಕೂತಿದ್ದರು.

“ಕೈತಪ್ಪಾಗಿದೆ ಮೇಡಂ. ಮೆಲಿತಾ ಅಂತಿರೋದು ನಿಜವಾಗಿ ನನ್ನ ಮಗ ರೇಫ್.”

“ರೇಫ್ ಬೇರೆ ಇದಾನಲ್ಲ.” ಅವರು ಕನ್ನಡಕ ಮೇಲೇರಿಸಿದರು. “ಇಬ್ರೂ ಬರೆದಿದಾರೆ, ಅಕ್ಕಪಕ್ಕದ ಕುರ್ಚಿ. ಮೆಲಿತಾದು ಎಲ್ಲಾ ಸರಿ. ರೇಫ್‌ದು ಮೊದಲನೇ ಪುಟ ಪೂರ್ತಿ ಸರಿ. ಎರಡನೇ ಪುಟದಿಂದ ಖಾಲಿ, ಒಂದು ಪೆನ್ಸಿಲ್ ಗೆರೆ ಕೂಡ ಇಲ್ಲ.”

“ನನ್ನ ಮಗ ಖಾಲಿ ಬಿಡೋನಲ್ಲ.”

“ಎಲ್ಲ ಅಪ್ಪಂದಿರೂ ಅದನ್ನೇ ಹೇಳ್ತಾರೆ.”

“ಅಲ್ಲ ಮೇಡಂ, ಮೆಲಿತಾ ಅರ್ಜೀನ ನಾನು ಪೂರ್ತಿ ಮಾಡ್ಲೇ ಇಲ್ಲ.”

“ಅಪ್ಪ ಟಿಕ್ ಹಾಕೋದು ಮರೆತ್ರೆ ಮಗು ಯಾಕೆ ಅನುಭವಿಸ್ಬೇಕು? ಅಂಥೋರನ್ನೂ ನಾವು ಕೂರಿಸ್ತೀವಿ.” ಟ್ರಿಪ್ ದನಿ ಸ್ವಲ್ಪ ಮೆತ್ತಗಾಯಿತು. “ಅವಳು ಚೆನ್ನಾಗಿ ನೆನಪಿದಾಳೆ ನನಗೆ. ಹಳದಿ ಸ್ವೆಟರ್. ನೀವು ಗೇಟ್ ಹತ್ರ ಬಗ್ಗಿ ಮಗನ ಶೂ ಲೇಸ್ ಕಟ್ತಿದ್ರಲ್ಲ, ನಿಮ್ಮ ಹಿಂದೇನೇ ನಿಂತು ನೋಡ್ತಿದ್ಲು. ನೀವು ತಿರುಗಲೇ ಇಲ್ಲ. ಆಮೇಲೆ ತಾನೇ ಒಳಗೆ ಬಂದ್ಲು.”

ಸಾಲ್ವು ಅವತ್ತು ಲೇಸ್ ಕಟ್ಟಿದ್ದು ನಿಜ. ಬೆನ್ನ ಮೇಲೆ ಯಾರೋ ತಣ್ಣನೆಯ ಅಂಗೈ ಇಟ್ಟ ಹಾಗಾಯಿತು.

“ಈಗ ನಾನೇನು ಮಾಡ್ಲಿ?”

“ಬೇಕು ಅಥವಾ ಬೇಡ, ಎರಡರಲ್ಲಿ ಒಂದು ಒತ್ತಿ. ಬೇಕು ಅಂದ್ರೆ ಫೆಬ್ರವರೀಲಿ ಸ್ಕೂಲು ಶುರುವಾದಾಗ ಜನನ ಪತ್ರದ ಜೊತೆ ಮಗೂನ ಕರ್ಕೊಂಡು ಬನ್ನಿ. ಬೇಡ ಅಂದ್ರೆ ಆ ಕ್ಷಣಾನೇ ಮುಂದಿನ ಮಗೂಗೆ ಹೋಗುತ್ತೆ, ಆಮೇಲೆ ದೇವರು ಬಂದು ಕೇಳಿದ್ರೂ ವಾಪಸ್ ಬರಲ್ಲ.”

ಗುಡ್ಡ ಇಳಿಯುವಷ್ಟರಲ್ಲಿ ಕಾರ್ಮೆನಾ ಆಂಟಿಯ ಕೆಲಸ ನಡೆದಿತ್ತು. ಮೀನಿನಂಗಡಿಯ ಮೇಲೆ ಟ್ಯೂಷನ್ ನಡೆಸುವ ಹ್ಯಾಲರನ್ ಮೇಷ್ಟ್ರು ಮೆಟ್ಟಿಲಿಳಿದು ಓಡಿಬಂದು ಅವನ ಕೈ ಕುಲುಕಿದರು. ರೇಫ್ ಅವರ ಬಳಿ ಒಂದು ವರ್ಷ ಓದಿದ್ದ. ಅವನು ಫೇಲಾದ ಮೇಲೆ ರಸ್ತೆಯಲ್ಲಿ ಕಂಡರೂ ಮೇಷ್ಟ್ರಿಗೆ ಗುರುತು ಸಿಗುತ್ತಿರಲಿಲ್ಲ.

“ಮೆಲಿತಾ ನಮ್ಮ ಕ್ಲಾಸಿನ ಕೂಸು ಮಿಫ್ಸೂದ್. ಬೋರ್ಡಿನ ಮೇಲೆ ಅವಳ ಹೆಸರು ಹಾಕಿಸ್ತೀನಿ.”

“ನಿಮ್ಮ ಹತ್ರ ಅವಳನ್ನ ನಾನು ಕಳಿಸೇ ಇಲ್ವಲ್ಲ ಸಾರ್.”

“ನೀವು ಕಳಿಸದಿದ್ರೇನು, ಹಿಂದಿನ ಬೆಂಚಲ್ಲಿ ಕೂತಿರ್ತಿದ್ಲು. ಬನ್ನಿ, ಫೋಟೋ ತೋರಿಸ್ತೀನಿ.”

ಸುಳ್ಳನನ್ನು ಅವನ ಮನೆಯಲ್ಲೇ ಹಿಡಿಯಬಹುದಲ್ಲ ಎಂದು ಸಾಲ್ವು ಖುಷಿಯಿಂದಲೇ ಮೆಟ್ಟಿಲು ಹತ್ತಿದ. ಗೋಡೆಯ ಮೇಲೆ ಗುಂಪು ಫೋಟೋ ಇತ್ತು. ಮೇಷ್ಟ್ರು ಹಿಂದಿನ ಸಾಲಿಗೆ ಬೆರಳಿಟ್ಟರು. “ಇಲ್ಲಿ, ರೇಫ್ ಪಕ್ಕ.”

ರೇಫ್ ಪಕ್ಕ ಯಾರೂ ಇರಲಿಲ್ಲ. ಒಂದು ಮಗು ನಿಲ್ಲುವಷ್ಟು ಜಾಗ ಮಾತ್ರ ಇತ್ತು. ಉಳಿದ ಸಾಲಿನಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಂತಿದ್ದರು. ಆ ಜಾಗದ ಆಚೆಯ ಹುಡುಗ ಮಾತ್ರ ಯಾರಿಗೋ ದಾರಿ ಬಿಟ್ಟವನ ಹಾಗೆ ಸರಿದುಕೊಂಡಿದ್ದ.

ಮೇಷ್ಟ್ರು ಫೋಟೋ ನೋಡಿದರು. ಬೆರಳು ನಿಧಾನವಾಗಿ ಹಿಂದಕ್ಕೆ ಬಂತು. “ಇಲ್ಲೇ ನಿಂತಿದ್ಲು,” ಎಂದು ತಮಗೇ ಹೇಳಿಕೊಂಡರು. ಬೋರ್ಡಿನ ಮಾತು ಮತ್ತೆ ಎತ್ತಲಿಲ್ಲ.

ಮನೆ ಸೇರಿದಾಗ ನಾಲ್ಕೂ ಮುಕ್ಕಾಲು. ಆ ಊರಿನ ಆಗಸ್ಟ್ ಚಳಿಗಾಲದ ಬಿಸಿಲು ಆಗಲೇ ಕಂದಿತ್ತು. ಹಿತ್ತಲಿನ ವಾಟಲ್ ಮರ ಹೂಬಿಟ್ಟು, ಅದರ ಹಳದಿ ಪುಡಿ ಹಿಂದಿನ ಮೆಟ್ಟಿಲ ಮೇಲೆಲ್ಲ ಉದುರಿತ್ತು. ಮೇಲಿನ ಮೆಟ್ಟಿಲಲ್ಲಿ ಒಂದು ಕಡೆ ಮಾತ್ರ ಪುಡಿ ಇರಲಿಲ್ಲ. ಒಂದು ಮಗು ಕೂತು ಎದ್ದಷ್ಟು ಜಾಗ. ಬಸ್ಸಿನಲ್ಲಿ ಕುಡುಕರನ್ನು ಕುತ್ತಿಗೆ ಹಿಡಿದು ಇಳಿಸಿದ ಸಾಲ್ವು ಆ ಜಾಗವನ್ನು ತುಳಿಯದೆ, ಗೋಡೆಗೆ ಮೈ ಒತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದ.

ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು ಕೂತ. ‘ಬೇಕು’, ‘ಬೇಡ’. ಬೇಕು ಎಂದು ಒತ್ತಿದರೆ ಫೆಬ್ರವರಿಯಲ್ಲಿ ಇಲ್ಲದ ಮಗುವಿಗೆ ಎಲ್ಲಿಂದ ಜನನ ಪತ್ರ ತರುವುದು? ಅದಕ್ಕಿಂತ, ಬೇಕು ಎಂದರೆ ಅವಳನ್ನು ಒಳಗೆ ಕರೆದ ಹಾಗೆ ಅಲ್ಲವೇ? ಗೇಟಿನ ಬಳಿ ನಿಂತು ನೋಡುತ್ತಿದ್ದಳು ಎಂಬ ಮಾತು ನೆನಪಾಗಿ ಅವನಿಗೆ ಅಯ್ಯೋ ಅನ್ನಿಸಿತು. ಬೆರಳು ‘ಬೇಕು’ ಕಡೆಗೂ ಹೋಯಿತು. ಅಷ್ಟರಲ್ಲಿ ಹಿಂದಿನ ಬಾಗಿಲಿನ ಆಚೆ ಮೆಟ್ಟಿಲ ಮೇಲೆ ಏನೋ ಕಿರ್ರೆಂದಿತು. ಐದಕ್ಕೆ ಎರಡು ನಿಮಿಷವಿರುವಾಗ ಕಣ್ಣು ಮುಚ್ಚಿ ‘ಬೇಡ’ ಒತ್ತಿದ.

ಪರದೆಯ ಮೇಲೆ ಎರಡು ಸಾಲು ಬಂತು. ‘ನಿಮ್ಮ ತೀರ್ಮಾನಕ್ಕೆ ಧನ್ಯವಾದ. ಮೆಲಿತಾಗೆ ತಿಳಿಸಲಾಗಿದೆ.’

ಐದೂ ಹತ್ತಕ್ಕೆ ಡೋರಿಸ್ ಮಗನನ್ನು ಕರೆದುಕೊಂಡು ಬಂದಳು. ಚೀಲ ಇಳಿಸುವ ಮೊದಲೇ ಶುರುಮಾಡಿದಳು. “ನಮಗೆ ಇನ್ನೊಂದು ಮಗು ಇದೆಯಂತಲ್ರೀ, ಕಾರ್ಮೆನಾ ಆಂಟಿ ಬಸ್‌ಸ್ಟಾಪಲ್ಲಿ ಹೇಳಿದ್ರು. ನನಗೊಂದು ಮಾತು ಹೇಳ್ಬಾರ್ದಾ? ಮೆಲಿತಾ ಅಂತೆ, ನಾವು ಆರಿಸಿಟ್ಟಿದ್ದ ಹೆಸರೇ.”

“ಮೆಲಿತಾನಾ?” ರೇಫ್ ಶೂ ಬಿಚ್ಚುತ್ತ ತಲೆಯೆತ್ತಿದ. “ಅದು ನಾನೇ.”

ಸಾಲ್ವು ಕುರ್ಚಿಯ ಕೈ ಹಿಡಿದುಕೊಂಡ. “ನೀನು ಹೇಗೋ?”

“ಪರೀಕ್ಷೇಲಿ. ನನ್ನ ಹೆಸರಿನ ಕುರ್ಚೀಲಿ ಒಂದು ಹುಡುಗಿ ಕೂತ್ಬಿಟ್ಟಿದ್ಲು. ಮೇಡಂಗೆ ಹೇಳ್ದೆ. ಹೊತ್ತಾಯ್ತು, ಖಾಲಿ ಇರೋದ್ರಲ್ಲಿ ಕೂತ್ಕೋ ಅಂದ್ರು. ಪಕ್ಕದ್ದೇ ಖಾಲಿ ಇತ್ತು. ಅದರ ಪೇಪರ್ ಮೇಲೆ ಮೆಲಿತಾ ಮಿಫ್ಸೂದ್ ಅಂತಿತ್ತು. ಮನೆತನದ ಹೆಸರು ನಮ್ಮದೇ, ಹುಟ್ಟಿದ ದಿನಾನೂ ನಂದೇ. ನೀನೇ ತಪ್ಪು ತುಂಬಿದೀಯ ಅಂದ್ಕೊಂಡೆ. ಯಾವಾಗ್ಲೂ ತುಂಬ್ತೀಯಲ್ಲ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀನು ಹೇಗಿತ್ತು ಅಂತ ಕೇಳ್ದೆ. ಸುಲಭ ಅಂದೆ. ಎಲ್ಲಾ ಬರೆದಿದ್ದೆ ಅಪ್ಪ, ಆದ್ರೂ ಯಾಕೆ ಬರ್ಲಿಲ್ವೋ.”

ಡೋರಿಸ್ ಗಂಡನ ಮುಖ ನೋಡಿದಳು, ಮೇಜಿನ ಮೇಲಿದ್ದ ಫೋನು ಎತ್ತಿ ಓದಿದಳು, ಮೆಲ್ಲಗೆ ಕೂತಳು. ಗೋಡೆಯ ಗಡಿಯಾರ ಐದೂ ಹದಿನೈದು ತೋರಿಸುತ್ತಿತ್ತು. ಮಗನ ಸ್ಥಾನವನ್ನು ತನ್ನದೇ ಬೆರಳಿನಿಂದ ಬೇರೆ ಯಾರಿಗೋ ಕೊಟ್ಟು ಹದಿನೇಳು ನಿಮಿಷವಾಗಿತ್ತು. ಮತ್ತೆ ನಲ್ಲಿಯ ಸದ್ದು ಕೇಳಬೇಕಾದೀತೆಂದು ಸಾಲ್ವು ಬಚ್ಚಲುಮನೆಯ ಬಾಗಿಲ ಕಡೆ ನೋಡಿದ.

“ಆ ಹುಡುಗಿ,” ಎಂದ ಕೊನೆಗೆ. “ಯಾವ ಸ್ವೆಟರ್ ಹಾಕಿದ್ಲು?”

“ಹಳದಿ. ಮೊದಲನೇ ಪುಟ ಬೇಗ ಮುಗಿಸಿ ಪೆನ್ಸಿಲ್ ಕೆಳಗಿಟ್ಬಿಟ್ಲು. ಮುಂದೆ ಯಾಕೆ ಬರೀತಿಲ್ಲ ಅಂತ ಕೇಳ್ದೆ.”

“ಏನಂದ್ಲು?”

“‘ನಂದು ಒಂದೇ ಪುಟ. ಎರಡನೇದು ನಮ್ಮಪ್ಪ ತುಂಬಲೇ ಇಲ್ಲ’ ಅಂದ್ಲು.”