ಅಂತರರಾಷ್ಟ್ರೀಯ ಪಂದ್ಯದಲ್ಲಿ ನನ್ನ ಭಜನೆ

ಸಾವಿನ ಮನೆಯಲ್ಲಿ ಹೇಗೆ ಕೂರಬೇಕೆಂಬುದು ನನಗೆ ಇಷ್ಟು ವಯಸ್ಸಾದರೂ ತಿಳಿದಿಲ್ಲ. ಅಳಲು ಹೋದರೆ ಕಣ್ಣೀರು ಬರುವುದಿಲ್ಲ, ಸುಮ್ಮನೆ ಕೂತರೆ ಮುಖ ತಾನಾಗಿಯೇ ಒಂದು ನಗುವಿನ ಆಕಾರ ತಾಳುತ್ತದೆ. ಹುಟ್ಟಿನಿಂದ ಬಂದ ದೋಷವಿದು. ಮದುವೆಯ ಫೋಟೊದಲ್ಲಿ ಅಳುವವನಂತೆಯೂ, ಮಾವನವರನ್ನು ಮಣ್ಣು ಮಾಡಿದ ದಿನದ ಫೋಟೊದಲ್ಲಿ ನಗುವವನಂತೆಯೂ ಕಾಣುತ್ತೇನೆ. ಎರಡನೆಯದನ್ನು ನನ್ನ ಹೆಂಡತಿ ಇವತ್ತಿಗೂ ಕ್ಷಮಿಸಿಲ್ಲ. ಹಾಗಾಗಿ ಯಾರೇ ತೀರಿಕೊಂಡರೂ ನಾನು ಹಿಂದೆ ಎಲ್ಲೋ ಕಂಬದ ಮರೆ ಹುಡುಕಿ ಕೂರುವವನು. ಅಂಥವನು ಪಕ್ಕದ ಮನೆಯ ಶಿವಶರಣಪ್ಪನ ಹೆಣದ ಮುಂದೆಯೇ ಕೂತು, ಕೈಯಲ್ಲಿ ತಾಳ ಹಿಡಿದು, ಗಂಟಲು ಹರಿಯುವಂತೆ ಭಜನೆ ಮಾಡಿದೆ ಎಂದರೆ ಮೊದಲು ಹೆಂಡತಿಯೇ ನಂಬಲಿಲ್ಲ.

ನಾವಿರುವುದು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಹಳೆಯ ಕ್ವಾರ್ಟರ್ಸಿನಲ್ಲಿ. ನಾನು ಆಫೀಸಿನಲ್ಲಿ ಗುಮಾಸ್ತ. ಎರಡೆರಡು ಮನೆಗೆ ಒಂದೇ ಗೋಡೆ; ಶಿವಶರಣಪ್ಪನ ಮನೆಯಲ್ಲಿ ಸೀನಿದರೆ ನಮ್ಮ ಮನೆಯಲ್ಲಿ 'ಶಿವಾ' ಎನ್ನುವಷ್ಟು ಅನ್ಯೋನ್ಯ. ಆ ಗೋಡೆಗೆ ಮೇಜು ಹಾಕಿಕೊಂಡು ನನ್ನ ಮಗಳು ಭಾಗ್ಯ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತಾಳೆ. ಶಹಾಪುರದಲ್ಲಿ ಡಿಗ್ರಿ ಮುಗಿಸಿದವಳು, ಬೆಳೆದ ಹುಡುಗಿ. ಐದು ಜನರ ತಂಡ. ಎದುರಿಗೂ ಐದು ಜನ. ಒಬ್ಬರು ಬಾಂಬ್ ಇಡಬೇಕು, ಇನ್ನೊಬ್ಬರು ಅದನ್ನು ಆರಿಸಬೇಕು, ನಡುವೆ ಒಬ್ಬರನ್ನೊಬ್ಬರು ಹೊಡೆದುಹಾಕಬೇಕು. ತಂಡದಲ್ಲಿ ಸುರಪುರದವರು ಇಬ್ಬರು, ಯಾದಗಿರಿಯವಳೊಬ್ಬಳು, ತೆಲುಗಿನಲ್ಲಿ ಬಯ್ಯುವ ಗುರುಮಠಕಲ್‌ನವನೊಬ್ಬ. ಇವಳು ಅವರ ನಾಯಕಿ. ಯಾರು ಎಲ್ಲಿ ನುಗ್ಗಬೇಕು, ಯಾರು ಯಾರನ್ನು ಹೊಡೆಯಬೇಕು ಎಂದು ಕೂಗಿ ಹೇಳುವುದೇ ಇವಳ ಕೆಲಸ. ಆಫೀಸಿನಲ್ಲಿ ಯಾರಾದರೂ, "ಮಗಳು ಏನ್ ಮಾಡ್ತಾಳ್ರಿ?" ಎಂದು ಕೇಳಿದರೆ, "ಅಂತರರಾಷ್ಟ್ರೀಯ ಪಂದ್ಯಕ್ಕ ತಯಾರಿ ನಡಿಸ್ಯಾಳ್ರಿ" ಎನ್ನುತ್ತಿದ್ದೆ. "ಕಬಡ್ಡಿ ಏನ್ರಿ?" "ಇಲ್ರಿ, ಕುಂತು ಆಡೋದು." "ಓ, ಚೆಸ್!" ನಾನು ಅಲ್ಲ ಎನ್ನುತ್ತಿರಲಿಲ್ಲ. ಚೆಸ್ ಆಡುವವಳ ಅಪ್ಪನಿಗೆ ಸಿಗುವ ಮರ್ಯಾದೆ ಬಾಂಬ್ ಇಡುವವಳ ಅಪ್ಪನಿಗೆ ಸಿಗುವುದಿಲ್ಲ. ಆದರೆ ಅವಳು ನಿಜವಾಗಿಯೂ ಅಲ್ಲಿಯವರೆಗೆ ಬಂದಿದ್ದಳು. ಇನ್ನೊಂದು ಪಂದ್ಯ ಮನೆಯಿಂದಲೇ ಆಡಿ ಗೆದ್ದರೆ ಐವರೂ ಪರದೇಶಕ್ಕೆ ಹೋಗಿ ಜಗತ್ತಿನ ದೊಡ್ಡ ತಂಡಗಳ ಎದುರು ಕೂರುವವರಿದ್ದರು. ಸುರಪುರದ ಹುಡುಗನೊಬ್ಬ ಇದಕ್ಕಾಗಿ ಇದ್ದ ಕೆಲಸ ಬಿಟ್ಟು ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದ.

ಆ ಪಂದ್ಯದ ದಿನವೇ ಬೆಳಗಿನ ಜಾವ ಶಿವಶರಣಪ್ಪ ತೀರಿಕೊಂಡ. ನಮ್ಮ ಆಫೀಸಿನಲ್ಲೇ ಜೀಪ್ ಓಡಿಸಿ ನಿವೃತ್ತನಾದವನು. ಅವನಿಗೂ ನನಗೂ ಮಾತಿರಲಿಲ್ಲ. ಅವರ ಬಚ್ಚಲ ನೀರು ನಮ್ಮ ಕರಿಬೇವಿನ ಗಿಡಕ್ಕೆ ಬರುತ್ತದೆಂದು ಜಗಳ ಶುರುವಾಯಿತು. ನೀರು ನಿಂತ ಮೇಲೆ ಗಿಡ ಒಣಗಿತೆಂದು ಮುಂದುವರಿಯಿತು. ನಮ್ಮ ಸಾಲಿನ ರಿವಾಜು ಏನೆಂದರೆ, ಹೆಣ ಎತ್ತುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತಿಸುವಂತಿಲ್ಲ, ಟಿ.ವಿ. ಹಚ್ಚುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಅವನ ದೊಡ್ಡ ಮಗಳು ಪುಣೆಯಿಂದ ಬರಬೇಕಾಗಿದ್ದರಿಂದ ಸಂಜೆಯವರೆಗೆ ಎತ್ತುವುದಿಲ್ಲ ಎಂದು ಸುದ್ದಿ ಬಂತು. ಭಾಗ್ಯಳ ಪಂದ್ಯ ಮಧ್ಯಾಹ್ನ. ಅವಳು ಬಂದು ನನ್ನ ಮುಂದೆ ನಿಂತಳು.

"ಅಪ್ಪಾ, ಬಿಟ್ಟುಬಿಡ್ಲೇನು? ನಾ ಬಿಟ್ಟು ಎದ್ರ ಉಳಿದ ನಾಕೂ ಮಂದಿ ಆಟನೂ ಮುಗೀತು. ಆದ್ರ ನನಗ ಬಾಯಿ ಮುಚ್ಚಿಕೊಂಡು ಆಡಾಕ ಬರಂಗಿಲ್ಲ."

ಆಗ ನಾನು ಸುಮ್ಮನಿರಬಹುದಿತ್ತು. ಅಪ್ಪನಾದವನಿಗೆ ಎಂಥೆಂಥ ಹೊತ್ತಿನಲ್ಲಿ ಧೈರ್ಯ ಬರುತ್ತದೆ ನೋಡಿ. "ನೀ ಆಡು ತಂಗಿ. ಆ ಕಡಿ ನಾ ನೋಡ್ಕೋತೇನಿ" ಎಂದೆ. ಹೇಗೆ ನೋಡಿಕೊಳ್ಳುತ್ತೇನೆಂದು ಅವಳೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೋಗಿ ನೋಡುತ್ತೇನೆ, ಶಿವಶರಣಪ್ಪನಿಗೆ ರುಮಾಲು ಸುತ್ತಿ, ವಿಭೂತಿ ಹಚ್ಚಿ, ಕೂರಿಸಿದ್ದಾರೆ. ಒರಗಿಸಿದ್ದು ಅದೇ ಗೋಡೆಗೆ. ಅವನ ಬೆನ್ನಿನ ಆಚೆ ಸರಿಯಾಗಿ ನನ್ನ ಮಗಳ ಮೇಜು. ಅವನ ಹೆಂಡತಿ ಈರಮ್ಮ ಪಕ್ಕದಲ್ಲಿ ಅತ್ತು ಅತ್ತು ಸುಸ್ತಾಗಿ ಕೂತಿದ್ದಳು. ಬೆಳಗಿನಿಂದ ಹಾಡುತ್ತಿದ್ದ ಭಜನೆಯವರು ಚಹಾ ಕುಡಿದು ಬರುತ್ತೇವೆಂದು ಎದ್ದು ಹೋದರು. ಮನೆ ಗಪ್ಪಾಯಿತು. ಅದೇ ಗಳಿಗೆಗೆ ಶಿವಶರಣಪ್ಪನ ಬೆನ್ನ ಹಿಂದಿನಿಂದ, "ಕೊಲ್ಲು ಅವನ್ನ! ಬಿಡಬ್ಯಾಡ! ಎಡಕ್ಕ ಇನ್ನೊಬ್ಬ ಜೀವಂತ ಅದಾನ!" ಎಂದು ನನ್ನ ಮಗಳ ದನಿ.

ಕೂತಿದ್ದವರೆಲ್ಲ ತಲೆ ಎತ್ತಿದರು. ಕೈಗೆ ಸಿಕ್ಕ ತಾಳ ಎತ್ತಿಕೊಂಡು ಕಣ್ಣು ಮುಚ್ಚಿ ಶುರು ಮಾಡಿಬಿಟ್ಟೆ. ನನಗೆ ಬರುತ್ತಿದ್ದದ್ದು ಒಂದೇ ಭಜನೆ, ಅದರಲ್ಲೂ ಒಂದೇ ನುಡಿ. ಮುಗಿದ ಕೂಡಲೇ ಮತ್ತೆ ಅದನ್ನೇ ಹಿಡಿದೆ. ಆಚೆಯಿಂದ ಅವಳು ದನಿ ಏರಿಸಿದಳೆಂದರೆ ನಾನೂ ಏರಿಸುವುದು, ಅವಳು ಇಳಿಸಿದರೆ ನಾನು ಉಸಿರು ತೆಗೆದುಕೊಳ್ಳುವುದು. ಭಜನೆಯವರು ತಿರುಗಿ ಬಂದು ತಾಳ ಕೇಳಿದರು, ಕೊಡಲಿಲ್ಲ. ಅವರೂ ಕೂಡಿಕೊಂಡರು, ಆದರೆ ಅವರಿಗೆ ಯಾವಾಗ ಏರಿಸಬೇಕೆಂಬುದು ಗೊತ್ತಿರಲಿಲ್ಲವಲ್ಲ. ಹಿಂದೆ ಯಾರೋ, "ಮಾತು ಬಿಟ್ಟಿದ್ರೂ ಒಳಗ ಎಷ್ಟ್ ಅಂತಃಕರಣ ಇತ್ತು ನೋಡ್ರಿ" ಎಂದು ಕಣ್ಣೊರೆಸಿಕೊಂಡದ್ದು ಕೇಳಿಸಿತು. ನಾಚಿಕೆಯಾಯಿತು. ಹಾಗೆಯೇ, ಸುಳ್ಳೇಕೆ, ಸ್ವಲ್ಪ ಖುಷಿಯೂ ಆಯಿತು. ಎದುರಿಗೆ ಶಿವಶರಣಪ್ಪ ಮಾತ್ರ ಎಲ್ಲ ಬಲ್ಲವನಂತೆ ಕೂತಿದ್ದ. ಗೋಡೆಗೆ ಕಿವಿ ಹಚ್ಚಿದ್ದವನು ಅವನೊಬ್ಬನೇ.

ಸಂಜೆ ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ, ಮಗಳ ಮುಖ ನೋಡಿದೆ. ಗೆದ್ದವಳ ಮುಖವೂ ಅಲ್ಲ, ಸೋತವಳದ್ದೂ ಅಲ್ಲ.

"ಗೆದ್ದಿದ್ವಿ" ಎಂದಳು. "ಈಗ ಇಲ್ಲ."

ಆಡುವ ಐವರ ಹೊರತು ಬೇರೆ ಯಾರ ದನಿಯೂ ಕೇಳಿಸಬಾರದೆಂಬುದು ಆ ಪಂದ್ಯದ ನಿಯಮವಂತೆ. ಬೇರೆಯವರು ಮಗ್ಗುಲಲ್ಲಿ ನಿಂತು ಹೇಳಿಕೊಡಬಾರದಲ್ಲ, ಅದಕ್ಕೆ. ಪರದೇಶದ ತೀರ್ಪುಗಾರರು ಇವಳ ಮೈಕಿನಲ್ಲಿ ಒಬ್ಬ ಗಂಡಸಿನ ದನಿ ಕೇಳಿದ್ದಾರೆ. ತಿಳಿಯದ ಭಾಷೆ. ಮತ್ತೆ ಮತ್ತೆ ಅದೇ ಮಾತು. ಆ ದನಿ ಏರಿದಾಗಲೆಲ್ಲ ಈ ಹುಡುಗಿ ತನ್ನವರಿಗೆ ಅಪ್ಪಣೆ ಕೊಡುತ್ತಾಳೆ, ಎದುರಿನವರು ಸಾಯುತ್ತಾರೆ. ಹೊರಗಿನವನೊಬ್ಬ ಹೇಳಿಕೊಟ್ಟನೆಂದು ಬರೆದಿದ್ದರು; ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಅವಳ ದನಿ ಆಚೆ ಹೋಗದಂತೆ ಕಾಯುವುದರಲ್ಲಿ ನಾನೆಷ್ಟು ಮುಳುಗಿದ್ದೆನೆಂದರೆ, ನನ್ನದು ಈಚೆ ಬರುತ್ತದೆಂಬುದು ಹೊಳೆದೇ ಇರಲಿಲ್ಲ. ತಂಡವನ್ನು ಪಂದ್ಯದಿಂದ ತೆಗೆದುಹಾಕಿದ್ದರು. ತಕರಾರಿದ್ದರೆ ಎರಡು ದಿನದೊಳಗೆ ಸಾಬೀತು ಮಾಡಿ ಎಂದು, ಆ ದನಿ ಇದ್ದ ರೆಕಾರ್ಡಿಂಗಿನ ತುಣುಕನ್ನೂ ಕಳಿಸಿದ್ದರು.

ಸಾಬೀತು ಮಾಡುವುದೇನೂ ಕಷ್ಟವಿರಲಿಲ್ಲ. ಈರಮ್ಮ ಆ ತುಣುಕು ಕೇಳಿ, ಇದು ನನ್ನ ಗಂಡನ ಮುಂದೆ ಮಾಡಿದ ಭಜನೆ ಎಂದು ಫೋನಿನ ಮುಂದೆ ಹೇಳಿದರೆ ಮುಗಿಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಧೈರ್ಯ ಮಾಡಿ ಚಪ್ಪಲಿ ಮೆಟ್ಟಿದೆ. ಭಾಗ್ಯ ಫೋನು ಹಿಡಿದು ಹಿಂದೆ ಹೊರಟಳು. ಬಾಗಿಲು ದಾಟುವಷ್ಟರಲ್ಲಿ ಈರಮ್ಮನೇ ಎದುರು ಬಂದಳು.

"ತಮ್ಮಾ, ಸೂತಕದ ಮನಿಯಾಕಿ, ಒಳಗ ಬರಂಗಿಲ್ಲ. ಇಲ್ಲೇ ನಿಂತು ಹೇಳ್ತೀನಿ" ಎಂದಳು. "ನಿಮ್ಮ ಸಂಗಟ ಮಾತು ಬಿಟ್ಟಿದ್ದು ಅವರಿಗೆ ಕಡೀತನಕ ಕೊರಗು ಆಗಿತ್ತು. ನೀವು ಹಂಗ ಹಾಡಿದ್ರಲ್ಲ, ನನ್ನ ಹೊಟ್ಟಿ ತಣ್ಣಗಾತು ನೋಡ್ರಿ." ಮತ್ತೆ ಭಾಗ್ಯಳ ಕಡೆ ತಿರುಗಿ, "ಏನವ್ವಾ, ನನ್ ಕಡಿ ಏನರ ಕೆಲಸ ಇತ್ತೇನು?" ಎಂದಳು.

ಆ ತುಣುಕನ್ನು ನಾನೂ ಕೇಳಿದ್ದೆ. ಮಗಳು 'ಕೊಲ್ಲು' ಎಂದಲ್ಲೆಲ್ಲ ಅಪ್ಪ ಏರಿಸಿದ್ದಾನೆ. ಒಂದು ಸಲ ಕೇಳಿದರೆ ಸಾಕು, ಅಂತಃಕರಣ ಯಾವ ಕಡೆಗಿತ್ತೆಂದು ಎಂಥವರಿಗೂ ತಿಳಿಯುತ್ತದೆ. ಭಾಗ್ಯ ಫೋನನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು. "ಏನಿಲ್ಲ ಆಯಿ. ಉಂಡ್ರ್ಯೋ ಇಲ್ಲೋ ಕೇಳೋಣಂತ ಬರಾಕತ್ತಿದ್ವಿ" ಎಂದಳು.

ಸಂಜೆ ಅವಳು ಬಾಗಿಲು ಮುಂದೆ ಮಾಡಿಕೊಂಡು ಆ ನಾಲ್ಕೂ ಜನರೊಂದಿಗೆ ಮಾತಾಡಿದಳು. ಗುರುಮಠಕಲ್‌ನವನು ಆ ದಿನ ಯಾವ ಭಾಷೆಯಲ್ಲೂ ಬಯ್ಯಲಿಲ್ಲವಂತೆ. ಕೆಲಸ ಬಿಟ್ಟ ಸುರಪುರದ ಹುಡುಗ ಅಳುತ್ತಿದ್ದನೆಂದು ಆಮೇಲೆ ತಿಳಿಯಿತು. ನನಗೆ ಹೊರಗೆ ಕೇಳಿಸಿದ್ದು ಇವಳ ಮಾತು ಮಾತ್ರ: "ತಪ್ಪು ನಂದ. ಹಾಡು ಹಚ್ಚಿಟ್ಟಿದ್ದೆ, ಆರಿಸೋದು ಮರ್ತೆ. ನಮ್ಮಪ್ಪಗ ಇದೇನೂ ಗೊತ್ತಿಲ್ಲ." ಎದ್ದು ಹೋಗಿ ಬಾಗಿಲು ತಳ್ಳಿ, ತಪ್ಪು ನನ್ನದು ಎನ್ನಬೇಕಿತ್ತು. ಹೆಣದ ಮುಂದೆ ಅಷ್ಟು ಹೊತ್ತು ಹಾಡಿದ ಗಂಟಲು ಅಷ್ಟಕ್ಕೆ ಏಳಲಿಲ್ಲ. ಕುರ್ಚಿಯಲ್ಲೇ ಕೂತಿದ್ದೆ.

ಮರುದಿನ ಆಫೀಸಿಗೆ ಹೋದರೆ ಸುದ್ದಿ ನನಗಿಂತ ಮೊದಲು ಹೋಗಿ ಕೂತಿತ್ತು. ನಮ್ಮ ಸೂಪರಿಂಟೆಂಡೆಂಟರು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. "ಏನ್ ಭಕ್ತಿ ರೀ ನಿಮ್ದು! ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ?" ಎಂದರು. ಸುತ್ತಲೂ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ, "ಎಲ್ಲಾ ದೇವರ ದಯಾ ನೋಡ್ರಿ" ಎಂದೆ.