ಗೇಟಿನಾಚೆಯ ಥೆಲ್ಮಾ

ಕ್ಷೌರಿಕ ರಾಸ್ಕೊ ಬಾಯಿ ಮುಚ್ಚಿಕೊಂಡಿದ್ದರೆ ವೆಂಡೆಲ್ ಆ ದಿನ ಊರು ಬಿಟ್ಟು ಕದಲುತ್ತಿರಲಿಲ್ಲ. ವೆಂಡೆಲ್‌ನ ಅರ್ಧ ಗಡ್ಡ ಹೆರೆದ ರಾಸ್ಕೊ ಕತ್ತಿ ಎತ್ತಿ ಹಿಡಿದು ಹೇಳಿದ:

"ಆ ಸ್ಕೀಯಿಂಗ್ ಮೇಷ್ಟ್ರು ದಿನಾ ಥೆಲ್ಮಾ ಹೋಟ್ಲಲ್ಲೇ ಊಟ ಅಂತೆ ಕಣಯ್ಯ. ಸೂಪು ಎರಡೆರಡು ಸಲ ಹಾಕಿಸ್ಕೋತಾನಂತೆ. ಅವಳ ಸೂಪು ಒಂದು ಸಲ ಕುಡಿಯೋದೇ ಕಷ್ಟ. ಅಂದ್ಮೇಲೆ ಏನರ್ಥ?"

ಅರ್ಥ ವೆಂಡೆಲ್‌ಗೆ ಆಯಿತು. ಬೂಟು ರಿಪೇರಿ ಮಾಡುವ ಈ ಐವತ್ತರ ವಿಧುರ, ಥೆಲ್ಮಾಳಿಗೆಂದು ಕೊಂಡ ಉಂಗುರವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಕೇಳುವ ಧೈರ್ಯ ಸಾಲದೆ ಬೇಸಿಗೆಯಿಂದ ತಿರುಗುತ್ತಿದ್ದ. ಅವಳ ಹೋಟೆಲು ಇದ್ದದ್ದು ಬೆಟ್ಟದ ತುದಿಯಲ್ಲಿ, ರಾಷ್ಟ್ರೀಯ ಉದ್ಯಾನದ ಒಳಗೆ. ವೆಂಡೆಲ್ ಕುರ್ಚಿಯಿಂದ ಎದ್ದೇಬಿಟ್ಟ.

"ಇನ್ನೊಂದು ಕೆನ್ನೆ?"

"ಅದು ಹಾಗೇ ಇರ್ಲಿ!"

ರಾಸ್ಕೊ ಅಂಗಡಿಗೆ ಬೀಗ ಜಡಿದು ಹಿಂದೆಯೇ ಬಂದು ಕಾರಿನಲ್ಲಿ ಕೂತ. ಇಂಥದ್ದನ್ನು ನೋಡದೆ ಬಿಡುವ ಜಾತಿಯವನಲ್ಲ ಅವನು.

ಉದ್ಯಾನದ ಗೇಟಿನ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಹಿಮ ಹತ್ತಿ ಹಿಂಜಿದಂತೆ ಸುರಿಯುತ್ತಿತ್ತು. ಕಾವಲಿನವನು ಬಂದು ಚಕ್ರ ನೋಡಿದ.

"ಹಿಮದಲ್ಲಿ ಜಾರದ ಹಾಗೆ ಚಕ್ರಕ್ಕೆ ಸರಪಳಿ ಸುತ್ತದ ಗಾಡಿ ಈ ಸಾಲಲ್ಲೂ ನಿಲ್ಲೋ ಹಾಗಿಲ್ಲ ಸರ್."

ವೆಂಡೆಲ್ ಡಿಕ್ಕಿಯಿಂದ ಸರಪಳಿ ತೆಗೆದು, ಹಿಮದಲ್ಲಿ ಅಂಗಾತ ಮಲಗಿ ಚಕ್ರಗಳಿಗೆ ಸುತ್ತತೊಡಗಿದ. ರಾಸ್ಕೊ ಜೇಬಿನಿಂದ ಕೈ ತೆಗೆಯದೆ ಸಲಹೆ ಕೊಟ್ಟ. ಅವನ ಮಾತು ಕೇಳಿ ಸುತ್ತಿದ್ದು ಹಿಂದಿನ ಚಕ್ರಗಳಿಗೆ. ಆದರೆ ಆ ಕಾರನ್ನು ಎಳೆಯುವ ಚಕ್ರಗಳು ಮುಂದಿನವು. ಬಿಚ್ಚಿ ಮತ್ತೆ ಕಟ್ಟುವ ಹೊತ್ತಿಗೆ ವೆಂಡೆಲ್‌ನ ಹೆರೆದ ಕೆನ್ನೆ ಮರಗಟ್ಟಿ ಹೋಗಿತ್ತು.

"ಈಗ ಬಿಡ್ತೀರಾ?"

"ರಸ್ತೆ ಬಂದ್ ಆಗಿದೆಯಲ್ಲ ಸರ್. ಸರಪಳಿ ಇದ್ರೂ ಬಂದ್."

"ಮೊದಲೇ ಹೇಳೋಕೇನಾಗಿತ್ತು?"

"ನೀವು ಕೇಳ್ಲಿಲ್ಲ."

ಸಿಟ್ಟಿನಲ್ಲಿ ವೆಂಡೆಲ್ ಕೋಟಿನ ಜೇಬಿಗೆ ಕೈ ತೂರಿಸಿದ. ಉಂಗುರ ಇರಲಿಲ್ಲ.

"ಉಂಗುರ ಬಿದ್ದುಹೋಯ್ತು!" ಎಂದು ಕೂಗಿದವನು ಅವನಲ್ಲ, ರಾಸ್ಕೊ. "ಮೇಲಿನ ಹೋಟ್ಲು ಥೆಲ್ಮಾಗೆ ತಂದಿದ್ದು! ಎಲ್ರೂ ಇಳೀರಪ್ಪ, ಹುಡುಕ್ರಿ!"

ಕಾರುಗಳ ಬಾಗಿಲು ಪಟಪಟ ತೆರೆದವು. ನೋಡನೋಡುತ್ತ ಅರ್ಧ ಊರು ಕೋಳಿಗಳಂತೆ ಹಿಮ ಕೆದಕತೊಡಗಿತು. ಕೊನೆಗೆ ಉಂಗುರ ಸಿಕ್ಕಿದ್ದು ಹಿಮ ಗೋರುವ ದೊಡ್ಡ ಯಂತ್ರ ಓಡಿಸುವ ಬರ್ನಿಸ್ ಕೈಗೆ. ಅವಳು ಅದನ್ನು ಹಲ್ಲಿನಿಂದ ಕಚ್ಚಿ ನೋಡಿ ವೆಂಡೆಲ್‌ಗೆ ಕೊಟ್ಟು, ಮೂಗು ಒರೆಸಿಕೊಂಡಳು.

"ಚಿನ್ನಾನೇ. ಹತ್ತಯ್ಯ ನನ್ನ ಗಾಡಿ. ಯಾರು ತಡೀತಾರೋ ನೋಡೋಣ."

ಕಾವಲಿನವನು ಸುಮ್ಮನೆ ಬೇರೆ ಕಡೆ ಮುಖ ತಿರುಗಿಸಿದ. ಜನ ಚಪ್ಪಾಳೆ ತಟ್ಟಿದರು. ರಾಸ್ಕೊ ಮಾತ್ರ ಊರಿಗೆಲ್ಲ ಸುದ್ದಿ ಮುಟ್ಟಿಸಲು ಕೆಳಗೇ ಉಳಿದ.

ದಾರಿಯುದ್ದಕ್ಕೂ ವೆಂಡೆಲ್ ಕೇಳಬೇಕಾದ ಮಾತನ್ನು ಉರು ಹೊಡೆಯುತ್ತ, ಸೀಟಿನ ಮೇಲೆ ಕಾದ ಬಾಣಲೆಯ ಮೇಲೆ ಕೂತವನಂತೆ ಚಡಪಡಿಸಿದ. ಮೇಲೆ ತಲುಪಿದ್ದೇ ಹೋಟೆಲಿಗೆ ನುಗ್ಗಿದ. ಸ್ಕೀ ಆಡಲು ಬಂದು ಸಿಕ್ಕಿಬಿದ್ದ ಜನ ಊಟಕ್ಕಾಗಿ ಮೇಜು ಕುಟ್ಟುತ್ತಿದ್ದರು. ಥೆಲ್ಮಾ ಮಾತ್ರ ಕಾಣಲಿಲ್ಲ. ಅಷ್ಟರಲ್ಲಿ ಹೋಟೆಲಿನ ಫೋನು ಬಡಿದುಕೊಂಡಿತು. ವೆಂಡೆಲ್ ಎತ್ತಿದ.

"ವೆಂಡೆಲ್? ನೀವು ಅಲ್ಯಾಕ್ ಹೋದ್ರಿ?" ಥೆಲ್ಮಾಳ ದನಿ. "ನಾನಿಲ್ಲಿ ನಿಮ್ಮ ಅಂಗಡಿ ಬಾಗ್ಲಲ್ಲಿ ನಿಂತಿದೀನಿ. ಎಷ್ಟು ದಿನ ಅಂತ ಕಾಯೋದು, ಮದುವೆ ಮಾತು ನಾನೇ ಕೇಳಿಬಿಡೋಣ ಅಂತ, ಸ್ಕೀಯಿಂಗ್ ಮೇಷ್ಟ್ರ ಕೈಕಾಲು ಹಿಡಿದು ಅವರ ಹಿಮದ ಸ್ಕೂಟರಲ್ಲಿ ಕಾಡಿನ ದಾರಿ ಹಿಡಿದು ಇಳಿದುಬಂದೆ. ಇಲ್ಲಿ ನೋಡಿದ್ರೆ ರಾಸ್ಕೊ ಬಾಯಿಂದ ಉಂಗುರದ ಸುದ್ದಿ ಕೇಳಿ ಇಡೀ ಊರು ನನ್ನ ಬೆರಳು ನೋಡ್ತಿದೆ!"

ವೆಂಡೆಲ್‌ಗೆ ಕಣ್ಣು ತುಂಬಿ ಬಂತು. "ಥೆಲ್ಮಾ, ಹಾಗಿದ್ರೆ ನನ್ನನ್ನ ಮದುವೆ—"

ಗುಡ್ಡವೇ ಸೀನಿದಂತೆ ಸದ್ದಾಯಿತು. ಕಿಟಕಿ ಗಾಜು ಅದುರಿತು. ಫೋನು ಸತ್ತಿತು.

ಹೊರಗೆ ಹೋಗಿ ನೋಡಿ ಬಂದ ಬರ್ನಿಸ್ ಟೋಪಿಯ ಹಿಮ ಕೊಡವಿದಳು. "ದೊಡ್ಡ ಹಿಮಕುಸಿತ. ರಸ್ತೆ, ಕಾಡಿನ ದಾರಿ, ಫೋನಿನ ತಂತಿ, ಎಲ್ಲಾ ಹೋಯ್ತು. ವಸಂತ ಬಂದು ಚೆರ್ರಿ ಹೂ ಬಿಡೋವರೆಗೂ ಯಾರೂ ಹತ್ತೋ ಹಾಗಿಲ್ಲ, ಇಳಿಯೋ ಹಾಗಿಲ್ಲ."

ವೆಂಡೆಲ್ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತ. ಹಿಂದಿನಿಂದ ಯಾರೋ ಅವನ ಹೆಗಲು ತಟ್ಟಿ, ಕೊರಳಿಗೆ ಅಡುಗೆಯ ಏಪ್ರನ್ ಹಾಕಿದರು.

"ಹೊಸ ಅಡುಗೆಯವ್ರಾ? ಬೇಗ ಏನಾದ್ರೂ ಹುರೀರಿ ಸ್ವಾಮಿ, ಹಸಿವು ತಡಿಯೋಕಾಗ್ತಿಲ್ಲ."